ವ್ಯಾಯಾಮೋಪಾಧ್ಯಾಯರ ತರಬೇತಿ: ಪುತ್ತೂರು ಸೀಮೆಯಿಂದ ಒಂದು ನೋಟ

ಉಪ್ಪಿನಂಗಡಿ, ಕಡಬಗಳ ನಡುವಣ ಸೀಮೆಯಲ್ಲಿ ಪೆರಾಬೆ ಎಂಬ ಗ್ರಾಮವಿದೆ. ಬಹುಕಾಲ ಪುತ್ತೂರು ತಾಲೂಕಿಗೆ ಸೇರಿದ್ದು, ಕಡಬವು ಬೇರೆ ತಾಲೂಕಾದ ಮೇಲೆ ಅದರ ವ್ಯಾಪ್ತಿಗೆ ಬಂದ ಊರು ಇದು. ಗುಡ್ಡ, ಗುಡ್ಡದ ತಪ್ಪಲಲ್ಲಿ ಅಡಿಕೆಯ ತೋಟ, ತೋಟದ ಅಂಚಿನಲ್ಲಿ ತೋಡು, ನಡುನಡುವೆ ಮೆಟ್ಟಿಲುಮೆಟ್ಟಿಲಾಗಿ ಇಳಿದ ಗದ್ದೆ: ಈ ಸೀಮೆಯ ಭೂಮಿಯ ಸ್ವರೂಪವೇ ಇದು. ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಎತ್ತರ ಮತ್ತು ನೀರಿನ ಆಶ್ರಯವನ್ನು ನೋಡಿ ಹೆಸರಿಟ್ಟು ವಿಂಗಡಿಸಿಕೊಂಡ ಜನರು ಇಲ್ಲಿನವರು. ಸಮತಟ್ಟಾದ ನೆಲವೆಂಬುದು ಅವರಿಗೆ ಎಷ್ಟು ದುರ್ಲಭವಾದ ವಸ್ತು ಎಂಬುದಕ್ಕೆ ಈ ಹೆಸರುಗಳೇ ಸಾಕ್ಷಿ. ಇಂತಹ ಊರಿನ ಶಾಲೆಯ ಹಿಂದೆ ಮುರಕಲ್ಲಿನ ಗುಡ್ಡವನ್ನು ಕಡಿದು ಸಮಮಾಡಿದ ಒಂದು ಸಣ್ಣ ಅಂಗಳವಿದ್ದರೆ, ಅಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸೀಟಿ ಊದುವ ಉಪಾಧ್ಯಾಯರೊಬ್ಬರಿದ್ದರೆ, ಅವರು ಎಲ್ಲಿ ಕಲಿತು ಬಂದವರು, ಏನನ್ನು ಕಲಿತು ಬಂದವರು, ಕಲಿತುದಕ್ಕೆ ಶಾಲೆಯೊಳಗೆ ಅವರಿಗೆ ದೊರೆತ ಸ್ಥಾನ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಚಾರಿಸುತ್ತೇವೆ. ಮೂರನೆಯದೇ ಮುಖ್ಯವಾದುದು. ಮೊದಲಿನೆರಡು ಇಲ್ಲದೆ ಅದಕ್ಕೆ ಉತ್ತರ ದೊರೆಯದಾದುದರಿಂದ ಅವುಗಳಿಂದಲೇ ತೊಡಗುತ್ತೇವೆ.

ದೇಹವನ್ನು ಪಳಗಿಸುವ ವಿದ್ಯೆಗೆ ತುಳುನಾಡಿನಲ್ಲಿ ಗುರುಗಳೂ ಇದ್ದರು, ಮನೆಗಳೂ ಇದ್ದವು. ಕೋಟಿ-ಚೆನ್ನಯರ ಪಾಡ್ದನವನ್ನು ಬಲ್ಲವರಿಗೆ ಇದನ್ನು ಹೇಳಬೇಕಾಗಿಲ್ಲ. ಆ ವೀರರ ಹುಟ್ಟನ್ನು ಹೇಳುವ ಪಡುಮಲೆಯೂ, ಅವರ ಅಂತ್ಯವನ್ನು ಹೇಳುವ ಎಣ್ಮೂರೂ ನಮ್ಮ ಈ ಸೀಮೆಯೊಳಗೇ ಇವೆ. ಆದರೆ ಗರಡಿಯು ಆಯುಧವಿದ್ಯೆಯ ಶಾಲೆಯಾಗಿದ್ದ ಕಾಲ ಹೋಗಿ, ಆ ವೀರರನ್ನು ಆರಾಧಿಸುವ ಗುಡಿಯಾಗಿ ನಿಂತು ಬಹುಕಾಲವಾಯಿತು. ಇತ್ತ ಯಕ್ಷಗಾನದ ಹೆಜ್ಜೆಯನ್ನು ಕಲಿಸುವ ಗುರುಗಳು ಹುಡುಗರ ಮೊಣಕಾಲು ಬೆನ್ನುಗಳನ್ನು ವರ್ಷಗಟ್ಟಲೆ ತಿದ್ದುತ್ತಿದ್ದರು. ಇವೆರಡೂ ಶಾಲೆಯ ಹೊರಗೇ ಉಳಿದವು. ಪ್ರೌಢಶಾಲೆಯ ವ್ಯಾಯಾಮೋಪಾಧ್ಯಾಯರು ಗರಡಿಯ ಗುರುವಿನ ವಂಶದವರೆಂದು ಸಮಾರಂಭದ ಭಾಷಣಗಳಲ್ಲಿ ಹೇಳುವುದುಂಟು. ಕೇಳಲು ಇಂಪಾದರೂ ಚರಿತ್ರೆಯ ದೃಷ್ಟಿಯಿಂದ ಈ ಮಾತು ನಿಲ್ಲದು. ಅವರ ವಂಶವು ಬೇರೆ, ಅದು ಬಂದ ದಾರಿಯೂ ಬೇರೆ.

ಆ ದಾರಿಯ ಮೊದಲ ಗುರುತು ೧೮೮೨ರ ಹಂಟರ್ ಆಯೋಗದಲ್ಲಿ ಕಾಣುತ್ತದೆ. ದೇಶೀಯ ಆಟಗಳು, ಅಂಗಸಾಧನೆ, ಶಾಲಾ ಡ್ರಿಲ್ ಇವುಗಳಿಂದ ಮಕ್ಕಳ ಶರೀರಪೋಷಣೆಗೆ ಪ್ರೋತ್ಸಾಹ ಕೊಡಬೇಕೆಂದು ಆ ಆಯೋಗವು ಹೇಳಿತು. ಮೂರನ್ನು ಹೇಳಿದರೂ ಶಾಲೆಗಳಲ್ಲಿ ನೆಲೆಗೊಂಡುದು ಮೂರನೆಯದೇ. ಅದಕ್ಕೆ ಕಾರಣವೂ ಸರಳವಾದುದೇ ಆಗಿದೆ. ಡ್ರಿಲ್ಲಿಗೆ ಸಲಕರಣೆ ಬೇಡ, ವಿಶಾಲವಾದ ಮೈದಾನ ಬೇಡ. ಸೈನ್ಯದಿಂದ ನಿವೃತ್ತನಾಗಿ ಬಂದ ಹವಾಲ್ದಾರನೊಬ್ಬನಿದ್ದರೆ ಇನ್ನೂರು ಹುಡುಗರನ್ನು ಅರ್ಧಗಂಟೆ ನಿಲ್ಲಿಸಿ ಕೂರಿಸಬಹುದು. ಸ್ವೀಡನಿನ ಲಿಂಗ್ ಎಂಬಾತನು ೧೮೧೩ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಥಾಪಿಸಿದ ಸಂಸ್ಥೆಯಿಂದ ಹೊರಟ ವ್ಯಾಯಾಮಪದ್ಧತಿಯು ಇಂಗ್ಲೆಂಡಿನ ಸೈನ್ಯ ಮತ್ತು ಶಾಲೆಗಳನ್ನು ಹಾದು, ಅದರ ಒಳತಿರುಳನ್ನು ದಾರಿಯಲ್ಲೇ ಕಳೆದುಕೊಂಡು, ಇಂತಹ ಡ್ರಿಲ್ ಮಾಸ್ತರರ ಬಾಯಲ್ಲಿ ಬರಿಯ ಆಜ್ಞೆಗಳಾಗಿ ನಮ್ಮಲ್ಲಿಗೆ ಬಂದಿತು. ಡ್ರಿಲ್ ಮಾಸ್ತರರಿಗೆ ಸೈನ್ಯದ ಶಿಕ್ಷಣವಿತ್ತು, ಶಿಕ್ಷಕನ ಶಿಕ್ಷಣವಿರಲಿಲ್ಲ. ಮಗುವಿನ ಎಲುಬು ಯಾವ ವಯಸ್ಸಿನಲ್ಲಿ ಎಷ್ಟು ಭಾರವನ್ನು ತಾಳೀತು ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗಣಿತದ ಉಪಾಧ್ಯಾಯರೂ ಡ್ರಿಲ್ ಮಾಸ್ತರರೂ ಒಂದೇ ಶಾಲೆಯ ಸಂಬಳದ ಪುಸ್ತಕದಲ್ಲಿ ರುಜು ಮಾಡುತ್ತಿದ್ದರೂ ಒಬ್ಬರು ಕಲಿಸುವವರು, ಇನ್ನೊಬ್ಬರು ಶಿಸ್ತು ಕಾಯುವವರು ಎಂಬ ಭಾವನೆ ಬೇರೂರಿದುದು ಈ ಕಾಲದಲ್ಲಿಯೇ. ಮುಂದೆ ಬಂದ ತರಬೇತಿಗಳೆಲ್ಲವೂ ಈ ಭಾವನೆಯ ಜೊತೆಯಲ್ಲಿಯೇ ಹೆಣಗಬೇಕಾಯಿತು.

ತರಬೇತಿಯೆಂಬ ಹೆಸರಿಗೆ ತಕ್ಕ ವ್ಯವಸ್ಥೆ ದಕ್ಷಿಣ ಭಾರತದಲ್ಲಿ ಹುಟ್ಟಿದುದು ೧೯೨೦ರಲ್ಲಿ, ಮದರಾಸಿನಲ್ಲಿ. ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದ ಗೃಹಸ್ಥರು ಅಲ್ಲಿನ ವೈ.ಎಂ.ಸಿ.ಎ. ಸಂಸ್ಥೆಯ ಆಶ್ರಯದಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳೊಡನೆ ಒಂದು ಶಾರೀರಿಕ ಶಿಕ್ಷಣಶಾಲೆಯನ್ನು ತೆರೆದರು. ಮೊದಲು ಬಾಡಿಗೆಯ ಎಡೆಗಳಲ್ಲಿ ನಡೆದು, ಸೈದಾಪೇಟೆಯ ಹೆಸರಿನಿಂದ ಪ್ರಸಿದ್ಧವಾಗಿ, ೧೯೩೦ರ ದಶಕದ ಆರಂಭದಲ್ಲಿ ಅಡ್ಯಾರು ನದಿಯ ಬಳಿಯ ನಂದನದ ವಿಶಾಲವಾದ ಆವರಣದಲ್ಲಿ ಅದು ನೆಲೆನಿಂತಿತು. ಬಕ್ಕರು ಕಲಿತುದು ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ಕಾಲೇಜಿನಲ್ಲಿ, ೧೮೯೧ರಲ್ಲಿ ನೈಸ್ಮಿತ್ ಎಂಬ ಅಧ್ಯಾಪಕರು ಬಾಸ್ಕೆಟ್‌ಬಾಲನ್ನು ರಚಿಸಿದುದು ಅದೇ ಶಾಲೆಯಲ್ಲಿ. ವಾಲಿಬಾಲ್ ೧೮೯೫ರಲ್ಲಿ ಅದೇ ಬಳಗದ ಮೋರ್ಗನ್ ಎಂಬವರಿಂದ ಹೋಲಿಯೋಕ್ ಎಂಬಲ್ಲಿ ಹುಟ್ಟಿತು. ಇಂದು ನಮ್ಮ ಗ್ರಾಮಾಂತರಗಳಲ್ಲಿ ವಿದ್ಯುದ್ದೀಪ ಕಟ್ಟಿ ರಾತ್ರಿಯಿಡೀ ನಡೆಸುವ ವಾಲಿಬಾಲ್ ಪಂದ್ಯಾಟಗಳನ್ನು ನೋಡಿದವರು ಅದು ಇಲ್ಲಿಯ ಮಣ್ಣಿನದೇ ಆಟವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಹೆಣ್ಣುಮಕ್ಕಳ ಶಾಲೆಗಳಲ್ಲಿ ಅಷ್ಟೇ ಪ್ರಚುರವಾದ ತ್ರೋಬಾಲಿನ ಪ್ರಸಾರಕ್ಕೂ ಬಕ್ಕರ ಹೆಸರನ್ನೇ ಹೇಳುವ ರೂಢಿಯಿದೆ.

ಬಕ್ಕರು ಮಾಡಿದ ದೊಡ್ಡ ಕೆಲಸ ಆಟಗಳನ್ನು ತಂದುದಲ್ಲ. ವ್ಯಾಯಾಮವನ್ನು ಕಲಿಸುವುದು ಒಂದು ಶಾಸ್ತ್ರ, ಅದನ್ನು ಕಲಿಸುವವನೂ ಕಲಿತಿರಬೇಕು ಎಂಬ ತತ್ತ್ವವನ್ನು ಅವರು ಸರಕಾರದಿಂದ ಒಪ್ಪಿಸಿದರು. ಶರೀರರಚನೆ, ಶರೀರಕ್ರಿಯೆ, ಆರೋಗ್ಯಶಾಸ್ತ್ರ, ಪ್ರಥಮ ಚಿಕಿತ್ಸೆ, ವ್ಯಾಯಾಮದ ತತ್ತ್ವ ಮತ್ತು ಚರಿತ್ರೆ, ಬೋಧನಾಕ್ರಮ, ಪಂದ್ಯಗಳ ವ್ಯವಸ್ಥೆ, ತೀರ್ಪುಗಾರಿಕೆ: ಇವು ತರಗತಿಯ ಪಾಠಗಳು. ಮೈದಾನದಲ್ಲಿ ಓಟ, ನೆಗೆತ, ಎಸೆತ, ಆಟಗಳು. ಜೊತೆಗೆ ದಂಡ ಬೈಠಕ್ಕುಗಳೇ ಮೊದಲಾದ ದೇಶೀಯ ಸಾಧನೆಗಳು. ಇದರ ಮೇಲೆ, ನೆರೆಯ ಶಾಲೆಯೊಂದರಲ್ಲಿ ಪ್ರತ್ಯಕ್ಷವಾಗಿ ಮಕ್ಕಳಿಗೆ ಪಾಠ ಹೇಳಿ ಪರೀಕ್ಷಕರಿಂದ ಗುಣ ಪಡೆಯಬೇಕು. ಈ ಕೊನೆಯ ಅಂಶವನ್ನು ನಾವು ವಿಶೇಷವಾಗಿ ಎತ್ತಿ ಹೇಳುತ್ತೇವೆ. ಬೋಧನಾಭ್ಯಾಸವು ಸೇರಿದ ಕ್ಷಣದಿಂದ ಆ ತರಬೇತಿಯು ಎಲ್.ಟಿ. ಅಥವಾ ಬಿ.ಟಿ. ಮಾಡಿಕೊಂಡು ಬಂದ ಇತರ ಉಪಾಧ್ಯಾಯರ ತರಬೇತಿಯ ಜಾತಿಗೇ ಸೇರಿತು. ೧೯೨೪ರ ಪ್ಯಾರಿಸ್ ಒಲಿಂಪಿಕ್ ಕೂಟಕ್ಕೆ ಭಾರತದ ತಂಡವನ್ನು ಕರೆದೊಯ್ದವರೂ ಬಕ್ಕರೇ. ಅವರ ಹೆಸರು ಪತ್ರಿಕೆಗಳಲ್ಲಿ ಹೆಚ್ಚಾಗಿ ಬರುವುದು ಆ ಕಾರಣಕ್ಕಾಗಿ. ೧೯೪೩ರಲ್ಲಿ ಅವರು ತೀರಿಕೊಳ್ಳುವವರೆಗೆ ಎರಡು ದಶಕಗಳಿಗೂ ಮೀರಿ ನಡೆಸಿದ ಬೋಧನಾಭ್ಯಾಸದ ತರಗತಿಗಳನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ.

ದಕ್ಷಿಣ ಕನ್ನಡ ಜಿಲ್ಲೆಯು ೧೯೫೬ರ ಅಕ್ಟೋಬರ್ ಕೊನೆಯವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದುದರಿಂದ, ಪುತ್ತೂರಿನ ತರುಣನೊಬ್ಬನಿಗೆ ಕ್ರಮವಾದ ಅರ್ಹತೆ ಬೇಕಾದರೆ ಅವನು ನೋಡಬೇಕಾದ ದಿಕ್ಕು ಮದರಾಸೇ. ಪೆರಾಬೆಯಂತಹ ಗ್ರಾಮದಿಂದ ಹೊರಟವನು ನಡೆದೋ ಬಸ್ಸಿನಲ್ಲೋ ಉಪ್ಪಿನಂಗಡಿಗೆ ಬಂದು, ಅಲ್ಲಿಂದ ಮಂಗಳೂರನ್ನು ಸೇರಿ ರೈಲನ್ನು ಹಿಡಿಯಬೇಕು. ಪುತ್ತೂರಿಗೆ ರೈಲು ಬಂದುದು ಹಾಸನ-ಮಂಗಳೂರು ಮಾರ್ಗವು ೧೯೭೯ರಲ್ಲಿ ಪೂರ್ತಿಯಾದಾಗ. ಮಂಗಳೂರಿನಿಂದ ಮದರಾಸು ರೈಲಿನಲ್ಲಿ ಸುಮಾರು ೯೦೦ ಕಿಲೋಮೀಟರು. ಅಲ್ಲಿ ಒಂದು ಶಾಲಾವರ್ಷ ಇರುವುದಕ್ಕೆ ಊಟ ವಸತಿಯ ಖರ್ಚು, ಉಡುಪಿನ ಖರ್ಚು, ಮನೆಯ ಬೇಸಾಯದಲ್ಲಿ ಒಂದು ಆಳಿನ ಕೊರತೆ. ಇಷ್ಟನ್ನು ತಾಳಬಲ್ಲ ಮನೆಯ ಹುಡುಗರು ಸಾಮಾನ್ಯವಾಗಿ ವಕೀಲಿಗೋ ಎಲ್.ಟಿ.ಗೋ ಹೋಗಲು ಬಯಸುವರು. ವ್ಯಾಯಾಮಕ್ಕೆ ಹೋಗಬಯಸುವ ಹುಡುಗರ ಮನೆಗಳಿಗೆ ಈ ಖರ್ಚು ತಾಳದು. ಒಳನಾಡಿನ ಶಾಲೆಗಳಲ್ಲಿ ತರಬೇತಿಯಿಲ್ಲದ ಡ್ರಿಲ್ ಮಾಸ್ತರರು ಬಹುಕಾಲ ಮುಂದುವರಿಯುವುದಕ್ಕೆ ಇದು ಒಂದು ಸಾಕಾದ ಕಾರಣವೆಂದು ನಮ್ಮ ಅಭಿಪ್ರಾಯ.

ಕಲಿತು ಬಂದವನ ಕಷ್ಟ ಬೇರೆ ರೀತಿಯದು. ಮದರಾಸು ಸಮುದ್ರತೀರದ ಬಯಲು. ಅಲ್ಲಿ ವರ್ಷಕ್ಕೆ ಸುಮಾರು ೧,೪೦೦ ಮಿಲಿಮೀಟರು ಮಳೆ. ಅದರ ಬಹುಭಾಗ ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಬೀಳುತ್ತದೆ. ನಮ್ಮಲ್ಲಿ ಸುಮಾರು ೪,೦೦೦ ಮಿಲಿಮೀಟರು. ಜೂನಿನಲ್ಲಿ ಶಾಲೆ ತೆರೆಯುವ ವಾರಕ್ಕೇ ತೊಡಗಿ ಸೆಪ್ಟೆಂಬರಿನವರೆಗೆ ಬಿಡದೆ ಸುರಿಯುತ್ತದೆ. ಅಲ್ಲಿ ಹೊರಗೆ ಆಡಿಸುವ ತಿಂಗಳುಗಳಲ್ಲಿ ಇಲ್ಲಿ ಅಂಗಳದಲ್ಲಿ ನೀರು ನಿಂತಿರುತ್ತದೆ. ಅಲ್ಲಿ ಒಳಗೆ ಪಾಠ ಹೇಳುವ ತಿಂಗಳುಗಳೇ ಇಲ್ಲಿ ಆಟಕ್ಕೆ ಯೋಗ್ಯವಾದವು. ಮದರಾಸಿನಲ್ಲಿ ಬರೆದುಕೊಂಡು ಬಂದ ವಾರ್ಷಿಕ ಯೋಜನೆಯ ಟಿಪ್ಪಣಿಯನ್ನು ಪುತ್ತೂರಿನ ಉಪಾಧ್ಯಾಯನು ತಲೆಕೆಳಗು ಮಾಡಿ ಓದಿಕೊಳ್ಳಬೇಕಾಗಿತ್ತು. ಮಳೆಗಾಲದ ನಾಲ್ಕು ತಿಂಗಳಲ್ಲಿ ಮೈದಾನವಿಲ್ಲದೆ, ಹೊರಾಂಗಣವಿಲ್ಲದೆ, ಹೆಂಚಿನ ಮಾಡಿನ ಕೆಳಗೆ ಬೆಂಚುಗಳ ನಡುವೆ ನಲವತ್ತು ಹುಡುಗರಿಗೆ ಏನನ್ನು ಕಲಿಸಬೇಕು ಎಂಬುದೇ ಈ ಸೀಮೆಯ ವ್ಯಾಯಾಮೋಪಾಧ್ಯಾಯರ ಮುಖ್ಯ ಸಮಸ್ಯೆ. ಚೆನ್ನೆಮಣೆ ಬಲ್ಲ ನಾಡಿನಲ್ಲಿ ಉತ್ತರಕ್ಕೆ ಕೊರತೆಯಿರಬಾರದು. ಆದರೆ ಚೆನ್ನೆಮಣೆಯನ್ನು ವ್ಯಾಯಾಮವೆಂದು ಒಪ್ಪುವ ಇನ್ಸ್ಪೆಕ್ಟರು ಎಲ್ಲಿರುವರು?

ನೆಲದ ವಿಷಯವೂ ಹಾಗೆಯೇ. ನಾನೂರು ಮೀಟರಿನ ಕ್ರಮಬದ್ಧವಾದ ಓಟದ ಹಾದಿಗೆ ಸುಮಾರು ೧೭೭ ಮೀಟರು ಉದ್ದ, ೯೩ ಮೀಟರು ಅಗಲದ ಸಮತಲ ಬೇಕು. ಗುಡ್ಡದ ಊರಿನಲ್ಲಿ ಅಷ್ಟು ನೆಲವನ್ನು ಕಡಿದು ಸಮಮಾಡುವುದೆಂದರೆ ಒಂದು ಪಂಚಾಯತಿಯ ಹಲವು ವರ್ಷಗಳ ಹಣ. ಇತ್ತ ವಾಲಿಬಾಲಿನ ಅಂಗಳಕ್ಕೆ ೧೮ ಮೀಟರು ಉದ್ದ ೯ ಮೀಟರು ಅಗಲ ಸಾಕು; ಕಬಡ್ಡಿಗೆ ೧೩ ಮೀಟರು ಉದ್ದ, ೧೦ ಮೀಟರು ಅಗಲ. ಪುತ್ತೂರು, ಸುಳ್ಯ, ಕಡಬಗಳ ಶಾಲೆಗಳು ಈ ಎರಡು ಆಟಗಳಿಗೆ ಒಲಿದುದಕ್ಕೆ ಜನರ ಸ್ವಭಾವವನ್ನು ಕಾರಣವಾಗಿ ಹೇಳುವವರಿದ್ದಾರೆ. ನಾವಾದರೋ ಮೊದಲು ಅಳತೆಯ ಪಟ್ಟಿಯನ್ನು ನೋಡುತ್ತೇವೆ. ಕೊಯಿಲಾದ ಗದ್ದೆಯಲ್ಲಿ ಎರಡು ಮೂರು ತಿಂಗಳು ಸಿಗುವ ಗಟ್ಟಿನೆಲವೂ ಈ ಆಟಗಳಿಗೆ ಸಾಲುವಷ್ಟೇ ಇರುತ್ತದೆ.

ಭಾಷೆಯ ಮಾತೊಂದನ್ನು ಇಲ್ಲಿಯೇ ಹೇಳಿಬಿಡಬಹುದು. ಮದರಾಸಿನಲ್ಲಿ ಕಲಿತ ವಿದ್ಯೆ ಇಂಗ್ಲಿಷಿನಲ್ಲಿತ್ತು, ಆಜ್ಞೆಗಳೂ ಇಂಗ್ಲಿಷಿನವೇ. ಶಾಲೆಯ ಮಕ್ಕಳು ಮನೆಯಲ್ಲಿ ತುಳುವನ್ನೋ, ಅರೆಭಾಷೆಯನ್ನೋ, ಬ್ಯಾರಿ ಭಾಷೆಯನ್ನೋ, ಮಲಯಾಳವನ್ನೋ ಆಡಿ, ಕನ್ನಡವನ್ನು ಶಾಲೆಗೆ ಬಂದು ಕಲಿಯುವವರು. ಹೀಗೆ ಮಗುವಿನ ಬಾಯಿ ಒಂದು ಹೊಸ ಭಾಷೆಯನ್ನು ಕಲಿಯುತ್ತಿರುವಾಗ ಅದರ ಕೈಕಾಲುಗಳು ಇನ್ನೊಂದನ್ನು ಕಲಿಯಬೇಕಾಯಿತು. ಸ್ವಾತಂತ್ರ್ಯಾನಂತರ ‘ಅಟೆನ್ಶನ್’ ಹೋಗಿ ‘ಸಾವಧಾನ್’ ಬಂದಿತು. ಕನ್ನಡದ ಆಜ್ಞೆಗಳು ಪುಸ್ತಕಗಳಲ್ಲಿ ಇಣಿಕಿದರೂ ಮೈದಾನದಲ್ಲಿ ಬೇರುಬಿಡಲಿಲ್ಲ.

ಈಗ ಮೂರನೆಯ ಪ್ರಶ್ನೆಗೆ ಬರುತ್ತೇವೆ. ಮದರಾಸಿನ ತರಬೇತಿಯಲ್ಲಿ ಪ್ರವೇಶದ ಯೋಗ್ಯತೆಗೆ ತಕ್ಕಂತೆ ತರಗತಿಗಳು ಬೇರೆಬೇರೆಯಾಗಿದ್ದವು. ಪದವೀಧರರಿಗೆ ಡಿಪ್ಲೊಮಾ, ಅದಕ್ಕಿಂತ ಕಡಮೆ ಓದಿದವರಿಗೆ ಸರ್ಟಿಫಿಕೇಟು, ಅದರಲ್ಲಿಯೂ ಮೇಲ್ತರಗತಿ ಕೆಳತರಗತಿ ಎಂಬ ಭೇದ. ಮೈದಾನದಲ್ಲಿ ಎಲ್ಲರೂ ಜೊತೆಯಲ್ಲಿ ಬೆವರಿಳಿಸುವರು. ಹೊರಬರುವಾಗ ಕೈಯಲ್ಲಿರುವ ಕಾಗದ ಬೇರೆ. ಒಳನಾಡಿನಿಂದ ಹೋದ ಹುಡುಗರಲ್ಲಿ ಪದವೀಧರರು ವಿರಳವಾಗಿದ್ದುದು ಸಹಜ. ಪುತ್ತೂರಿನಲ್ಲಿ ಮೊದಲ ಕಾಲೇಜು, ಮಾನ್ಸಿಞೋರ್ ಆಂಟನಿ ಪತ್ರಾವೋ ಅವರು ಸ್ಥಾಪಿಸಿದ ಸಂತ ಫಿಲೋಮಿನಾ ಕಾಲೇಜು, ತೆರೆದುದೇ ೧೯೫೮ರಲ್ಲಿ. ವಿವೇಕಾನಂದ ಕಾಲೇಜು ಬಂದುದು ೧೯೬೫ರಲ್ಲಿ. ಅದಕ್ಕೆ ಮೊದಲು ಪದವಿಗೆ ಮಂಗಳೂರೇ ಗತಿ. ಹೀಗಾಗಿ ನಮ್ಮ ಪ್ರೌಢಶಾಲೆಗಳಿಗೆ ಸರ್ಟಿಫಿಕೇಟಿನ ಉಪಾಧ್ಯಾಯರು ಬಂದರು. ಅವರು ಕಲಿಸುವುದು ಎಸ್.ಎಸ್.ಎಲ್.ಸಿ. ತರಗತಿಯ ಹುಡುಗರಿಗೆ; ಅವರ ಸಂಬಳದ ಶ್ರೇಣಿ ಕೆಳಗಿನ ತರಗತಿಗಳ ಉಪಾಧ್ಯಾಯರ ನೆರೆಯದು. ಉಪಾಧ್ಯಾಯರ ಕೊಠಡಿಯಲ್ಲಿ ಪದವೀಧರರ ಮೇಜು ಒಂದು ಕಡೆ, ಕ್ರಾಫ್ಟ್, ಡ್ರಾಯಿಂಗ್, ವ್ಯಾಯಾಮದವರ ಬೆಂಚು ಇನ್ನೊಂದು ಕಡೆ ಎಂಬ ವ್ಯವಸ್ಥೆಯನ್ನು ಹಳೆಯ ತಲೆಮಾರಿನ ಓದುಗರಲ್ಲಿ ಅನೇಕರು ಕಣ್ಣಾರೆ ಕಂಡಿರಬಹುದು. ಯಾವ ಉಪಾಧ್ಯಾಯರು ರಜೆ ಹಾಕಿದರೂ ಆ ಪಿರಿಯಡನ್ನು ತುಂಬಿಸಬೇಕಾದವರು ಇವರು. ಪರೀಕ್ಷೆ ಹತ್ತಿರ ಬಂದರೆ ಇವರ ಪಿರಿಯಡನ್ನು ಗಣಿತಕ್ಕೆ ಬಿಟ್ಟುಕೊಡಬೇಕಾದವರೂ ಇವರೇ.

ಈ ಸ್ಥಿತಿಯನ್ನು ಸರಕಾರವು ಅರಿಯದೆ ಇದ್ದುದಲ್ಲ. ಮದರಾಸು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಅಧ್ಯಕ್ಷತೆಯಲ್ಲಿ ೧೯೫೨ರಲ್ಲಿ ನೇಮಕವಾದ ಮಾಧ್ಯಮಿಕ ಶಿಕ್ಷಣ ಆಯೋಗವು ಮರುವರ್ಷ ಸಲ್ಲಿಸಿದ ವರದಿಯಲ್ಲಿ ಈ ವಿಷಯವನ್ನು ನೇರವಾಗಿಯೇ ಎತ್ತಿಕೊಂಡಿತು. ವ್ಯಾಯಾಮೋಪಾಧ್ಯಾಯರ ತರಬೇತಿಯಲ್ಲಿ ಆರೋಗ್ಯಶಿಕ್ಷಣದ ಎಲ್ಲ ಅಂಗಗಳೂ ಸೇರಬೇಕು. ಶರೀರಶಾಸ್ತ್ರ, ಆರೋಗ್ಯಶಾಸ್ತ್ರಗಳಂತಹ ವಿಷಯಗಳ ಬೋಧನೆಯಲ್ಲಿ ಅವರನ್ನು ಸೇರಿಸಿಕೊಳ್ಳಬೇಕು. ಸಮಾನವಾದ ಯೋಗ್ಯತೆಯುಳ್ಳ ಇತರ ಉಪಾಧ್ಯಾಯರಿಗಿರುವ ಸ್ಥಾನವನ್ನೇ ಅವರಿಗೂ ಕೊಡಬೇಕು ಎಂಬುದು ಅದರ ಸಲಹೆಯ ತಾತ್ಪರ್ಯ. ನಲವತ್ತು ವರ್ಷಕ್ಕೆ ಒಳಗಿನ ಎಲ್ಲ ಉಪಾಧ್ಯಾಯರೂ ಮಕ್ಕಳ ಜೊತೆಯಲ್ಲಿ ವ್ಯಾಯಾಮಚಟುವಟಿಕೆಗಳಲ್ಲಿ ಪಾಲುಗೊಳ್ಳಬೇಕೆಂದೂ, ತರಬೇತಿ ಕಾಲೇಜುಗಳ ಸ್ಥಾನಗಳನ್ನು ಹೆಚ್ಚಿಸಬೇಕೆಂದೂ ಅದು ಹೇಳಿತು. ಈ ಸಲಹೆಗಳಲ್ಲಿ ನಮಗೆ ಅತ್ಯಂತ ವಿವೇಕದ್ದಾಗಿ ಕಾಣುವುದು ಶರೀರಶಾಸ್ತ್ರದ ಬೋಧನೆಯನ್ನು ಕುರಿತದ್ದು. ವ್ಯಾಯಾಮೋಪಾಧ್ಯಾಯನು ಕಪ್ಪುಹಲಗೆಯ ಮುಂದೆ ನಿಂತು ಹೃದಯದ ಚಿತ್ರ ಬರೆದು ಪಾಠ ಹೇಳಿದ್ದರೆ, ಮಕ್ಕಳ ದೃಷ್ಟಿಯಲ್ಲಿಯೂ ಸಹೋದ್ಯೋಗಿಗಳ ದೃಷ್ಟಿಯಲ್ಲಿಯೂ ಅವನು ಶಿಕ್ಷಕನೇ ಆಗಿರುತ್ತಿದ್ದನು; ಸ್ಥಾನಮಾನದ ಆದೇಶ ಬೇರೆಯಾಗಿ ಬೇಕಾಗುತ್ತಿರಲಿಲ್ಲ. ಅವನು ಅದನ್ನು ಕಲಿತೂ ಬಂದಿದ್ದನು. ಆದರೆ ಆ ಪಾಠವು ವಿಜ್ಞಾನದ ಉಪಾಧ್ಯಾಯರ ಪಾಲಿಗೇ ಉಳಿಯಿತು.

ಪುತ್ತೂರಿನಲ್ಲಿ ಇದಕ್ಕೆ ಅನುಕೂಲವಾದ ವಾತಾವರಣವು ಇರಲಿಲ್ಲವೆನ್ನಲಾಗದು. ಸಹಕಾರ ಚಳವಳಿಯ ಮೊಳಹಳ್ಳಿ ಶಿವರಾಯರು ವಿದ್ಯಾಭ್ಯಾಸದ ಕೆಲಸಕ್ಕೂ ಕೈಹಾಕಿದವರು; ಕೊಂಬೆಟ್ಟಿನ ಬೋರ್ಡ್ ಹೈಸ್ಕೂಲು ಈ ಸೀಮೆಯ ಹಲವು ತಲೆಮಾರುಗಳನ್ನು ಓದಿಸಿತು. ಶಿವರಾಮ ಕಾರಂತರು ಅದೇ ಊರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಆಟ, ಕುಣಿತ, ಚಿತ್ರ, ಪ್ರಕೃತಿವೀಕ್ಷಣೆಗಳನ್ನು ಓದಿನಿಂದ ಬೇರ್ಪಡಿಸಲಾಗದೆಂಬ ನಂಬಿಕೆ ಆ ಪ್ರಯೋಗಗಳ ಹಿಂದಿತ್ತು. ಕಾರಂತರು ಸ್ವತಃ ಯಕ್ಷಗಾನದ ಹೆಜ್ಜೆಯನ್ನು ಆಳವಾಗಿ ಅಭ್ಯಸಿಸಿದವರು. ಬಾಲವನದಿಂದ ಒಂದು ಕೂಗಳತೆಯೊಳಗೆ ಶಾಲೆಗಳು ‘ಲೆಫ್ಟ್ ರೈಟ್’ ಹೇಳಿಕೊಂಡು ಹೆಜ್ಜೆಹಾಕುತ್ತಿದ್ದವು. ಎರಡು ಹೆಜ್ಜೆಗಳು ಒಂದೇ ಊರಿನಲ್ಲಿದ್ದೂ ಒಂದನ್ನೊಂದು ಸಂಧಿಸದೆ ಹೋದುದಕ್ಕೆ ಮುಖ್ಯ ಕಾರಣ ತರಬೇತಿಯ ಪಠ್ಯಕ್ರಮವು ನಿರ್ಣಯವಾಗುತ್ತಿದ್ದುದು ಬೇರೆಡೆಯಲ್ಲಿ ಎಂಬುದೇ. ಈಚೆಗೆ ಬಾಲವನದ ಆವರಣದಲ್ಲಿ ಈಜುಕೊಳವಾಗಿ ಮಕ್ಕಳು ಸ್ಪರ್ಧೆಗೆ ತಯಾರಾಗುತ್ತಿರುವುದನ್ನು ಕಂಡಾಗ ಈ ಮಾತು ನೆನಪಿಗೆ ಬರುತ್ತದೆ.

೧೯೫೬ರ ನವೆಂಬರ್ ೧ರಂದು ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಹೊಸ ರಾಜ್ಯದೊಳಗೆ ನಾಲ್ಕಾರು ಆಡಳಿತಗಳ ಶಾಲೆಗಳು ಒಂದಾದಂತೆ, ನಾಲ್ಕಾರು ತರಬೇತಿಗಳ ವ್ಯಾಯಾಮೋಪಾಧ್ಯಾಯರೂ ಒಂದೇ ಇಲಾಖೆಯ ಪಟ್ಟಿಯಲ್ಲಿ ಸೇರಿದರು. ಧಾರವಾಡ, ಬೆಳಗಾವಿಗಳ ಕಡೆಯವರಿಗೆ ಮುಂಬಯಿ ಸರಕಾರವು ೧೯೩೮ರಲ್ಲಿ ಕಾಂದಿವಲಿಯಲ್ಲಿ ತೆರೆದ ತರಬೇತಿ ಸಂಸ್ಥೆಯಿತ್ತು. ಮಲ್ಲಕಂಬ, ಲೇಜಿಮುಗಳ ಪರಿಚಯ ಅವರಿಗೆ ಹೆಚ್ಚು. ಕಲಬುರ್ಗಿ, ರಾಯಚೂರುಗಳ ಕಡೆಯವರಿಗೆ ಹೈದರಾಬಾದಿನ ಸರಕಾರಿ ಕಾಲೇಜು. ಹಳೆಯ ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ಗರಡಿ, ಯೋಗ, ವ್ಯಾಯಾಮಶಾಲೆಗಳು ಪ್ರಬಲವಾಗಿದ್ದವು: ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗಶಾಲೆ, ಬೆಂಗಳೂರಿನಲ್ಲಿ ಕಾದಂಬರಿಕಾರರೂ ಆದ ಕೆ. ವಿ. ಅಯ್ಯರರ ವ್ಯಾಯಾಮಶಾಲೆ. ಕೃಷ್ಣಮಾಚಾರ್ಯರ ‘ಯೋಗಮಕರಂದ’ವು ೧೯೩೪ರಲ್ಲಿ ಕನ್ನಡದಲ್ಲಿಯೇ ಪ್ರಕಟವಾಯಿತೆಂಬುದನ್ನು ಇಲ್ಲಿ ಸ್ಮರಿಸಬಹುದು. ನಮ್ಮ ಜಿಲ್ಲೆಯವರು ಮದರಾಸಿನ ಮುದ್ರೆಯವರು. ಯಾವ ಕಾಗದಕ್ಕೆ ಯಾವ ಕಾಗದ ಸಮ, ಯಾರ ಹಿರಿತನ ಎಂದಿನಿಂದ ಎಂಬ ಲೆಕ್ಕವು ಎಲ್ಲ ಇಲಾಖೆಗಳಲ್ಲಿಯೂ ನಡೆದ ಹಾಗೆ ಇಲ್ಲಿಯೂ ನಡೆಯಿತು. ಗಡಿಯಾಚೆಯ ಕಾಸರಗೋಡಿನ ಕನ್ನಡ ಶಾಲೆಗಳಿಗಾದರೋ ಅಂದಿನಿಂದ ಕೇರಳದ ನಿಯಮ, ಕೇರಳದ ತರಬೇತಿ; ಪೆರಾಬೆಯ ಹುಡುಗನೂ ಅಡೂರಿನ ಹುಡುಗನೂ ಒಂದೇ ಜಿಲ್ಲೆಯವರಾಗಿದ್ದವರು ಎರಡು ದಾರಿ ಹಿಡಿದರು.

ಅದೇ ದಶಕದಲ್ಲಿ ಕೇಂದ್ರದಿಂದ ಬಂದ ಯೋಜನೆಗಳು ಶಾಲೆಯ ಅಂಗಳದಲ್ಲಿ ಒಂದರ ಮೇಲೊಂದು ಬಿದ್ದವು. ಜೆ. ಕೆ. ಭೋಂಸ್ಲೆಯವರು ೧೯೫೪ರಲ್ಲಿ ತೊಡಗಿಸಿದ ರಾಷ್ಟ್ರೀಯ ಶಿಸ್ತು ಯೋಜನೆ, ಎ.ಸಿ.ಸಿ., ಎನ್.ಸಿ.ಸಿ., ಇವುಗಳ ನಡುವೆ ವ್ಯಾಯಾಮದ ಪಿರಿಯಡು. ಕುಂಜ್ರೂ ಸಮಿತಿಯು ಇವನ್ನು ಒಗ್ಗೂಡಿಸಬೇಕೆಂದು ೧೯೬೩ರಲ್ಲಿ ವರದಿಯಿತ್ತಿತು. ೧೯೬೫ರಲ್ಲಿ ರಾಷ್ಟ್ರೀಯ ದಾರ್ಢ್ಯ ದಳವೆಂಬುದು ಹುಟ್ಟಿ, ಕೆಲಕಾಲ ನಡೆದು, ಅದರ ಬೋಧಕರು ರಾಜ್ಯಗಳ ಪಾಲಿಗೆ ಬಂದರು. ಇದರಿಂದ ತರಬೇತಿಗೆ ಲಾಭಕ್ಕಿಂತ ಗೊಂದಲವೇ ಹೆಚ್ಚಾಯಿತೆಂದು ನಾವು ಭಾವಿಸುತ್ತೇವೆ. ಶಿಕ್ಷಕನೆನ್ನಿಸಿಕೊಳ್ಳಲು ಮೂವತ್ತು ವರ್ಷ ಹೆಣಗಿದವನ ಪಕ್ಕದಲ್ಲಿ ಮತ್ತೆ ಹವಾಲ್ದಾರನನ್ನು ತಂದು ನಿಲ್ಲಿಸಿದಂತಾಯಿತು.

ಇದಕ್ಕಿಂತ ದೂರಗಾಮಿಯಾದುದು ೧೯೫೭ರ ಆಗಸ್ಟಿನಲ್ಲಿ ಗ್ವಾಲಿಯರಿನಲ್ಲಿ ತೆರೆದ ಲಕ್ಷ್ಮೀಬಾಯಿ ಕಾಲೇಜು. ಕಾಂದಿವಲಿಯಲ್ಲಿ ದುಡಿದಿದ್ದ ಪಿ. ಎಂ. ಜೋಸೆಫರು ಅದರ ಮೊದಲ ಪ್ರಾಂಶುಪಾಲರು. ಅಲ್ಲಿ ಮೂರು ವರ್ಷದ ಪದವಿಯಾಗಿಯೇ ಶಾರೀರಿಕ ಶಿಕ್ಷಣವನ್ನು ಕಲಿಸತೊಡಗಿದರು. ಬೇರೊಂದು ವಿದ್ಯೆಯನ್ನು ಮುಗಿಸಿದವನಿಗೆ ಕೊನೆಗೆ ಅಂಟಿಸುವ ಒಂದು ವರ್ಷದ ಪಟ್ಟಿ ಎಂಬ ಸ್ಥಿತಿಯಿಂದ ವಿಷಯವು ತಾನೇ ಒಂದು ವಿದ್ಯೆ ಎಂಬ ಸ್ಥಿತಿಗೆ ಏರಿದುದು ಇಲ್ಲಿ. ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳೂ ಸ್ನಾತಕೋತ್ತರ ತರಗತಿಗಳೂ ಸಂಶೋಧನೆಯೂ ಬಂದುದು ತರುವಾಯದ ಮಾತು. ೧೯೮೦ರಲ್ಲಿ ಮಂಗಳೂರು ವಿಶ್ವವಿದ್ಯಾಲಯವು ಸ್ಥಾಪನೆಯಾಗಿ, ಮುಂದೆ ಅಲ್ಲಿಯೂ ದೈಹಿಕ ಶಿಕ್ಷಣದ ವಿಭಾಗವು ತೆರೆಯಿತು. ಮೂಡುಬಿದಿರೆಯಲ್ಲಿ ದೈಹಿಕ ಶಿಕ್ಷಣದ ಕಾಲೇಜು ನಡೆಯುತ್ತಿದೆ. ಒಂಬೈನೂರು ಕಿಲೋಮೀಟರು ಹೋಗಿ ಕಲಿಯಬೇಕಾಗಿದ್ದುದನ್ನು ಪೆರಾಬೆಯವನು ಈಗ ಬೆಳಗ್ಗೆ ಹೊರಟು ಮಧ್ಯಾಹ್ನದೊಳಗೆ ಸೇರಬಹುದಾದ ಊರಿನಲ್ಲಿ ಕಲಿಯಬಹುದು. ಪೆರಾಬೆಯವಳೂ ಕಲಿಯಬಹುದು ಎಂಬುದು ಇನ್ನೂ ದೊಡ್ಡ ಮಾತು; ಮದರಾಸಿನ ಕಾಲೇಜು ಸ್ತ್ರೀಯರಿಗೆ ಬಾಗಿಲು ತೆರೆದುದು ಸ್ಥಾಪನೆಯಾಗಿ ಎರಡು ದಶಕಗಳು ಕಳೆದ ಮೇಲೆಯೇ.

೧೯೯೩ರ ಶಾಸನದಿಂದ ಹುಟ್ಟಿದ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ ಅಧಿಕಾರದೊಳಗೆ ಬಿ.ಎಡ್.ನಂತೆಯೇ ಬಿ.ಪಿ.ಎಡ್. ತರಬೇತಿಯೂ ಸೇರಿತು. ಪರಿಷತ್ತಿನ ೨೦೧೪ರ ನಿಯಮಗಳು ಎರಡನ್ನೂ ಎರಡೆರಡು ವರ್ಷಗಳಿಗೆ ಏರಿಸಿದವು. ಕಾಗದದ ಮೇಲೆ ಗಣಿತದ ಉಪಾಧ್ಯಾಯರೂ ದೈಹಿಕ ಶಿಕ್ಷಣದ ಉಪಾಧ್ಯಾಯರೂ ಸಮಾನ ಅವಧಿ ಕಲಿತವರಾದುದು ಹೀಗೆ. ಕರ್ನಾಟಕದಲ್ಲಿ ಪ್ರೌಢಶಾಲೆಯ ಹುದ್ದೆಗೆ ಗ್ರೇಡ್ ಒಂದು ಎಂದೂ ಪ್ರಾಥಮಿಕ ಶಾಲೆಯ ಹುದ್ದೆಗೆ ಗ್ರೇಡ್ ಎರಡು ಎಂದೂ ಹೆಸರು; ಸಿ.ಪಿ.ಎಡ್., ಡಿ.ಪಿ.ಎಡ್. ಮಾಡಿದವರು ಎರಡನೆಯದಕ್ಕೆ, ಪದವಿಯ ಮೇಲೆ ಬಿ.ಪಿ.ಎಡ್. ಮಾಡಿದವರು ಮೊದಲನೆಯದಕ್ಕೆ. ಮೇಲ್ತರಗತಿ ಕೆಳತರಗತಿ ಎಂಬ ಹಳೆಯ ಭೇದದ ನೆರಳನ್ನು ಈ ಹೆಸರುಗಳಲ್ಲಿ ಕಾಣುವುದು ಕಷ್ಟವಲ್ಲ. ಇತರ ವಿಷಯಗಳ ಉಪಾಧ್ಯಾಯರನ್ನು ನಾವು ಗ್ರೇಡಿನಿಂದ ಕರೆಯುವುದಿಲ್ಲ.

ವ್ಯಾಯಾಮವನ್ನು ಕಲಿಸುವವನು ಶಿಕ್ಷಕನೇ ಎಂಬ ಪ್ರಶ್ನೆಯು ಒಮ್ಮೆ ದೇಶದ ಅತ್ಯುಚ್ಚ ನ್ಯಾಯಾಲಯದ ಮುಂದೆಯೂ ಬಂದಿತು. ಆಂಧ್ರಪ್ರದೇಶದ ಕೃಷಿ ವಿಶ್ವವಿದ್ಯಾಲಯದ ದೈಹಿಕ ನಿರ್ದೇಶಕರೊಬ್ಬರನ್ನು, ಶಿಕ್ಷಕರಿಗಿದ್ದ ಅರುವತ್ತು ವರ್ಷಗಳ ಮಿತಿಯನ್ನು ಅನ್ವಯಿಸದೆ, ಐವತ್ತೆಂಟಕ್ಕೇ ನಿವೃತ್ತಿಗೊಳಿಸಲಾಗಿತ್ತು. ೧೯೯೭ರಲ್ಲಿ ಸುಪ್ರೀಂ ಕೋರ್ಟು ಅವರ ಕೆಲಸವನ್ನು ಪರಿಶೀಲಿಸಿತು. ಆಟಗಳನ್ನು ಏರ್ಪಡಿಸುವುದು, ಸಾಮಗ್ರಿ ತರಿಸುವುದು ಮಾತ್ರ ಅವರ ಕೆಲಸವಲ್ಲ. ಆಟದ ನಿಯಮಗಳನ್ನೂ ಕೌಶಲಗಳನ್ನೂ ವಿದ್ಯಾರ್ಥಿಗಳಿಗೆ ತಿಳಿಸಿಕೊಡುವುದೂ ಅದರಲ್ಲಿ ಸೇರಿದೆ. ಅದು ನಾಲ್ಕು ಗೋಡೆಗಳೊಳಗೆ ನಡೆಯದಿದ್ದರೂ ಬೋಧನೆಯೇ ಎಂಬ ಅರ್ಥದ ತೀರ್ಪನ್ನಿತ್ತು, ಆ ವಿಶ್ವವಿದ್ಯಾಲಯದ ಶಾಸನದ ಮಟ್ಟಿಗೆ ಅವರು ಶಿಕ್ಷಕರೆಂದು ಹೇಳಿತು. ಬಕ್ಕರು ೧೯೨೦ರಲ್ಲಿ ಬೋಧನಾಭ್ಯಾಸವನ್ನು ತರಬೇತಿಗೆ ಸೇರಿಸುವಾಗ ಊಹಿಸಿದ್ದುದನ್ನು ನ್ಯಾಯಾಧೀಶರು ಬಿಡಿಸಿ ಹೇಳಲು ಎಪ್ಪತ್ತೇಳು ವರ್ಷಗಳು ಬೇಕಾದವು.

ಕರ್ನಾಟಕದಲ್ಲಿ ದೈಹಿಕ ಶಿಕ್ಷಣ ಶಿಕ್ಷಕರ ಸ್ಥಾನಮಾನ, ಬಡ್ತಿಗಳನ್ನು ಕುರಿತು ಪ್ರೊಫೆಸರ್ ಎಲ್. ಆರ್. ವೈದ್ಯನಾಥನ್ ಅವರು ಸಲ್ಲಿಸಿದ ವರದಿಯನ್ನು ಜಾರಿಗೆ ತರಬೇಕೆಂಬ ಒತ್ತಾಯವು ಈ ಶಿಕ್ಷಕರ ಸಂಘಗಳ ಮನವಿಗಳಲ್ಲಿ ವರ್ಷವರ್ಷವೂ ಬರುತ್ತಿದೆ. ದೈಹಿಕ ಶಿಕ್ಷಣವನ್ನು ಸಹಪಠ್ಯವೆಂದಲ್ಲದೆ ಪಠ್ಯವಿಷಯವೆಂದೇ ಎಣಿಸಬೇಕೆಂಬುದು ಅವರ ಬೇಡಿಕೆಗಳ ಸಾರ. ಎಂಟರಿಂದ ಹತ್ತನೆಯ ತರಗತಿಯವರೆಗೆ ಆ ವಿಷಯಕ್ಕೆ ರಾಜ್ಯದ ಪಠ್ಯಪುಸ್ತಕ ಸಂಘವು ಪುಸ್ತಕಗಳನ್ನು ಅಚ್ಚುಮಾಡಿದೆ. ಅವುಗಳಲ್ಲಿ ಆಟಗಳ ಅಂಕಣಗಳ ಅಳತೆಯೂ ನಿಯಮಗಳೂ ಕ್ರಮವಾಗಿ ಬಂದಿವೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಆರು ವಿಷಯಗಳ ಒಟ್ಟು ಅಂಕ ೬೨೫. ದೈಹಿಕ ಶಿಕ್ಷಣವು ಆ ಲೆಕ್ಕದ ಹೊರಗೆ, ಶ್ರೇಣಿಯ ಒಂದು ಅಕ್ಷರವಾಗಿ ನಿಂತಿದೆ.